ನಟ್ಟಿನ ಮೇಲಿನ ವಿಭೂತಿ

ಆಪರೇಶನ್ ಟೇಬಲ್ಲಿನ ಮೇಲೆ ಈರಬಸಪ್ಪ ಸತ್ತು ಮಲಗಿದ್ದ. ತುಟಿ, ಉಗುರು ನೇರಳೆ ಹಣ್ಣಿನ ಬಣ್ಣ. ತಲೆಯ ಪಕ್ಕದಲ್ಲಿ ಅರಿವಳಿಕೆ ಯಂತ್ರ. ಅದಕ್ಕೆ ನೇತುಬಿದ್ದ ರಬ್ಬರ್ ಚೀಲ ಗಾಳಿ ಹೋದ ಫುಟ್‌ಬಾಲಿನಂತೆ ಚಪ್ಪಟೆಯಾಗಿತ್ತು.

ಶಲವಡಿಯ ಹುಡುಗ. ಅಪೆಂಡಿಕ್ಸ್ ನೋವೆಂದು ಬೆಳಿಗ್ಗೆ ಚಕ್ಕಡಿಯಲ್ಲಿ ಬಂದಿದ್ದ. ಅಂದು ವಿಜಯದಶಮಿ. "ನಾಳೆ ಎದ್ದ ಮ್ಯಾಲೆ ಬನ್ನಿ ಕೊಡತೇನಿ, ಇಟಗೊಂಡಿರು," ಎಂದು ಹೆಂಡತಿಯ ಕೈಗೆ ಎಲೆಗಳನ್ನಿತ್ತು ಒಳಗೆ ಹೋಗಿದ್ದ.

ಆ ಹೆಂಡತಿ, ಗೌರಕ್ಕ, ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅಣ್ಣಿಗೇರಿ ಠಾಣೆಯ ಪಿ.ಎಸ್.ಐ. ಹೊಳೆಯಪ್ಪ ಎದುರು ಬಂದಾಗ ಒಂದೇ ಮಾತು ಕೇಳಿದಳು.

"ಒಳಗ ಹೋಗೂ ಮುಂದ ಚಂದಂಗ ಉಸರಾಡತಿದ್ರು. ಆ ಉಸರು ಎಲ್ಲಿ ಹೋತ್ರಿ, ಸಾಹೇಬ್ರ?"

ಹೊಳೆಯಪ್ಪ ಆಪರೇಶನ್ ಕೋಣೆಯ ಕಡೆ ನಡೆದ.

ಆಸ್ಪತ್ರೆಯ ಮಾಲೀಕ ಡಾಕ್ಟರ್ ಕುಬೇರಪ್ಪ. ರೋಗಿಗೆ ಅರಿವಳಿಕೆ ಕೊಟ್ಟವನೂ ಅವನೇ.

"ಆಕ್ಸಿಜನ್ ಸಿಲಿಂಡರ್ ಖಾಲಿ ಕಳಿಸ್ಯಾರ್ರಿ," ಅಂದ.

"ಇಲ್ರಿ," ಎಂದಳು ಮೂಲೆಯಲ್ಲಿ ನಿಂತಿದ್ದ ನರ್ಸ್ ಕಸ್ತೂರೆವ್ವ. "ಮುಂಜಾನೆ ಮೀಟರಿನ ಮುಳ್ಳು ಪೂರಾ ತೋರಸ್ತಿತ್ತು. ನಾನ ನೋಡೇನಿ."

ತುಂಬಿದ ಸಿಲಿಂಡರ್ ಒಂದು ಸಣ್ಣ ಆಪರೇಶನ್ನಿಗೆ ಖಾಲಿ! ಆಕ್ಸಿಜನ್ ರೋಗಿಗೆ ಹೋಗಿಲ್ಲ. ಮತ್ತೆ ಎಲ್ಲಿಗೆ ಹೋಯಿತು?

ಕುಬೇರಪ್ಪ ದನಿ ತಗ್ಗಿಸಿದ. "ಹಂಗಾದ್ರ ಯಾರೋ ನಟ್ಟು ಸಡಲ ಮಾಡ್ಯಾರ. ಮುಂಜಾನೆ ನಾನ ಎಲ್ಲಾ ಜಾಯಿಂಟಿಗೆ ಸಬಕಾರ ನೊರಿ ಹಚ್ಚಿ ನೋಡೇನಿ. ಗಾಳಿ ಸೋರಿದ್ರ ಗುಳ್ಳಿ ಏಳತಾವ. ಒಂದೂ ಏಳಲಿಲ್ಲ. ಆಮ್ಯಾಲೆ ಒಳಗ ಬಂದಾವ ಇಮಾಮುದ್ದೀನ ಒಬ್ಬನ."

ಇಮಾಮುದ್ದೀನ ಸಿಲಿಂಡರು ಜೋಡಿಸುವ ಆಳು. ಹಿಂದಿನ ದಿನ ಡಾಕ್ಟರನ ಜೊತೆ ಜಗಳವಾಡಿದ್ದ. "ಏನರ ಆದ್ರ ನನ್ನ ಕೇಳಬ್ಯಾಡ್ರಿ!" ಎಂದು ಅವನು ಕೂಗಿದ್ದನ್ನು ಇಡೀ ವಾರ್ಡು ಕೇಳಿತ್ತು.

ಹೊರಗೆ ಶಲವಡಿಯ ಜನ ಸೇರುತ್ತಿದ್ದರು. ಯಾರೋ ಇಮಾಮುದ್ದೀನನ ಹೆಸರು ಹಿಡಿದು ಬೈದರು. ಹೊಳೆಯಪ್ಪ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟ. ಇಮಾಮುದ್ದೀನನನ್ನು ಜೀಪಿನಲ್ಲಿ ಕೂರಿಸಿದ.

* * *

"ಜಗಳ ಯಾಕ ಆತು?" ಠಾಣೆಯಲ್ಲಿ ಹೊಳೆಯಪ್ಪ ಕೇಳಿದ.

ಇಮಾಮುದ್ದೀನ ನೆಲ ನೋಡುತ್ತ ಹೇಳಿದ. "ನಿನ್ನೆ ಆಯುಧದ ಖಂಡೇಪೂಜಿಗಂತ ಮಶೀನ್ ಬಿಚ್ಚಿ ತೊಳದು ಕೂಡಿಸಿದ್ನಿರಿ. ಕೂಡಿಸಿದ ಮ್ಯಾಲೆ ನೊರಿ ಹಚ್ಚಿ ನೋಡಬೇಕು. ಅಷ್ಟರಾಗ ನರ್ಸ್ ಅಕ್ಕಾರು ಪೂಜಿ ಮಾಡಿಬಿಟ್ಟಿದ್ರು. ಡಾಕ್ಟರು, ಬನ್ನಿ ಮುಗಿಯೂತನಕ ವಿಭೂತಿ ಅಳಸಬ್ಯಾಡ, ಆಮ್ಯಾಲೆ ನೋಡೂಣು ಅಂದ್ರು. ಅದಕ್ಕ ಹಂಗ ಅಂದ್ನಿ."

"ಯಾರರ ಕೇಳ್ಯಾರೇನು ಈ ಮಾತು?"

"ಇಲ್ರಿ. ನಾ ಒದರಿದ್ದಷ್ಟ ಮಂದಿಗೆ ಕೇಳಿಸ್ತು."

ತನ್ನ ಅಂಗೈಗಳನ್ನು ನೋಡಿಕೊಂಡು, "ಕೂಡಿಸಿದ ಕೈ ನಂದ ಐತ್ರಿ, ಸಾಹೇಬ್ರ. ನನ್ನ ಕೈಯಾಗ ತಪ್ಪಾಗಿದ್ರ?" ಎಂದ.

ಒಬ್ಬ ಆಳಿನ ಮಾತು. ಎದುರಿಗೆ ಒಬ್ಬ ಡಾಕ್ಟರನ ಮಾತು. ನ್ಯಾಯಾಲಯ ಯಾವುದನ್ನು ನಂಬುತ್ತದೆ ಎಂಬುದು ಹೊಳೆಯಪ್ಪನಿಗೆ ಗೊತ್ತಿತ್ತು. ಆ ಯೋಚನೆಯಲ್ಲೇ ಹೊರಗೆ ಬಂದ.

ಡ್ರೈವರ್ ಹನಮಂತಪ್ಪ ಜೀಪಿನ ಬಾನೆಟ್ ಮುಚ್ಚುತ್ತಿದ್ದ. ನಿನ್ನೆ ಅದಕ್ಕೂ ಪೂಜೆಯಾಗಿತ್ತು. ಬಾನೆಟ್ಟಿನಿಂದ ಬದಿಯ ತಗಡಿನವರೆಗೆ ಎಳೆದ ವಿಭೂತಿಯ ಗೆರೆಗಳು ಈಗ ಒಂದಕ್ಕೊಂದು ಕೂಡಿರಲಿಲ್ಲ.

"ಏನಲೇ, ನಿನ್ನ ದೇವರ ಹಣಿ ಸೊಟ್ಟ ಆಗೇತಲ್ಲ?"

"ನೀರ ಹಾಕಾಕ ತಗದಿದ್ನಿರಿ. ಒಮ್ಮೆ ತಗದು ಮುಚ್ಚಿದ್ರ ಗೆರಿ ಮತ್ತ ಕೂಡತಾವೇನ್ರಿ?"

ಜೀಪು ಹತ್ತಲು ಹೊಳೆಯಪ್ಪ ಎತ್ತಿದ ಕಾಲು ಅಲ್ಲೇ ನಿಂತಿತು.

"ಫೋಟೋ ಸ್ಟುಡಿಯೋದ ಕನಕಪ್ಪನ್ನ ಕರಕೊಂಡು ಬಾ. ಒಂದು ಸಬಕಾರನೂ ತಗೊಂಡು ಬಾ. ಲಗೂನ."

* * *

ಬೀಗ ತೆಗೆದರು. ಪಂಚರು, ಕುಬೇರಪ್ಪ, ಕಸ್ತೂರೆವ್ವ ಯಂತ್ರದ ಸುತ್ತ ನಿಂತರು. ಎದೆಮಟ್ಟದಲ್ಲಿ ಒಂದು ಅಡ್ಡ ಕೊಳವೆ. ಅದರ ನಡುವೆ ದಪ್ಪ ಹಿತ್ತಾಳೆ ನಟ್ಟು.

"ಡಾಕ್ಟರ, ಮುಂಜಾನೆ ಈ ಜಾಯಿಂಟಿಗೂ ನೊರಿ ಹಚ್ಚಿದ್ರಿ?"

"ಎಲ್ಲಾದಕ್ಕೂ. ಎಷ್ಟ ಸಲ ಹೇಳಬೇಕ್ರಿ?"

"ಆಮ್ಯಾಲೆ ಇಮಾಮುದ್ದೀನ ಇದನ್ನ ತಿರುವಿದ?"

"ಮತ್ತೇನು!"

ಹೊಳೆಯಪ್ಪ ಬ್ಯಾಟರಿ ಹಚ್ಚಿದ. ಕೊಳವೆಯ ಎಡಭಾಗದಿಂದ ನಟ್ಟಿನ ಮೇಲೆ ಹಾದು ಬಲಭಾಗದವರೆಗೆ ಮೂರು ಬಿಳಿ ಗೆರೆ. ನಟ್ಟಿನ ನಡುವೆ ಕುಂಕುಮ. ಎಲ್ಲಿಯೂ ಕಡಿದಿರಲಿಲ್ಲ.

"ಯಾರ ಕೈ ಇದು?"

"ನಂದ್ರಿ," ಎಂದಳು ಕಸ್ತೂರೆವ್ವ. "ನನ್ನ ನಡುಬೆರಳು ಮುರದು ಸೊಟ್ಟ ಕೂಡೇತಿ. ಅದಕ್ಕ ನಡುವಿನ ಗೆರಿ ತೆಳುವು. ನಿನ್ನೆ ಹಚ್ಚಿದ್ದು. ಮತ್ತ ಮುಟ್ಟಿಲ್ರಿ."

ಕನಕಪ್ಪನ ಕ್ಯಾಮರಾ ಮಿಂಚಿತು. ಹೊಸ ಸಿಲಿಂಡರ್ ಜೋಡಿಸಿ ಆಕ್ಸಿಜನ್ ಬಿಟ್ಟರು. ಕೊಳವೆಯ ಬಾಯಿಗೆ ಬಿರಡೆ ಹಾಕಿದರೂ ಚೀಲ ಉಬ್ಬಲಿಲ್ಲ. ಹೊಳೆಯಪ್ಪ ಬಟ್ಟಲಿನಿಂದ ಒಂದು ಬೊಗಸೆ ನೊರೆ ತೆಗೆದು ನಟ್ಟಿನ ಮೇಲೆ ಬಿಟ್ಟ.

ಮೊದಲು ವಿಭೂತಿ ಕರಗಿತು. ಕುಂಕುಮ ಕೆಂಪಗೆ ಹರಿದು ನೆಲಕ್ಕೆ ಬಿತ್ತು. ಆಮೇಲೆ ಗುಳ್ಳೆಗಳೆದ್ದವು. ಒಂದರ ಮೇಲೊಂದು, ಹಾಲು ಉಕ್ಕಿದಂತೆ.

"ನೋಡ್ರಿ ಡಾಕ್ಟರ. ನಟ್ಟು ತಿರುವಿದ್ರ ಗೆರಿ ಸೊಟ್ಟ ಆಗಬೇಕಿತ್ತು. ನೆಟ್ಟಗ ಅದಾವ. ಅಂದ್ರ ಪೂಜಿ ಆದ ಮ್ಯಾಲೆ ಯಾರೂ ತಿರುವಿಲ್ಲ. ನೊರಿ ಹಚ್ಚಿದ್ರ ಗೆರಿ ಕರಗಬೇಕಿತ್ತು. ಕರಗಿರಲಿಲ್ಲ. ಅಂದ್ರ ನೀವು ಹಚ್ಚಿಲ್ಲ."

ನಟ್ಟು ಬಿಚ್ಚಿಸಿದ. ಒಳಗಿನ ವಾಷರ್ ಮಡಚಿ ಕೂತಿತ್ತು. ತೊಳೆದು ಜೋಡಿಸುವಾಗ ಆದ ತಪ್ಪು. ನೊರೆ ಹಚ್ಚಿದ್ದರೆ ಆಗಲೇ ಸಿಗುತ್ತಿತ್ತು.

ಕುಬೇರಪ್ಪ ನೆಲದ ಮೇಲಿನ ಕುಂಕುಮ ನೋಡಿದ. "ಪ್ರತಿ ವರ್ಷಾ ನೊರಿ ಹಚ್ಚಿ ನೋಡತಿದ್ವಿ, ಎಲ್ಲೂ ಸೋರತಿರಲಿಲ್ಲ... ಪೂಜಿ ಆದದ್ದನ್ನ ಒರಸೂದು ಬ್ಯಾಡಂತ..."

"ಒರಸಲಿಲ್ಲ, ಅದು ಒಂದು. ನೊರಿ ಹಚ್ಚೇನಿ ಅಂತ ಸುಳ್ಳ ಹೇಳಿ ಇನ್ನೊಬ್ಬನ ಕೊಳ್ಳಿಗೆ ಹಗ್ಗಾ ಹಾಕಾಕ ಹೋದ್ರಿ. ಅದಕ್ಕೇನು ಹೇಳತೀರಿ? ನಡೀರಿ."

* * *

ಇಮಾಮುದ್ದೀನನನ್ನು ಬಿಟ್ಟರು. ಅವನು ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ಗೋಡೆಗೆ ಆನಿಕೊಂಡು, ತನ್ನ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತಿದ್ದ.

ಹೊಳೆಯಪ್ಪ ಟೋಪಿ ತೆಗೆದು ಗೌರಕ್ಕನ ಬೆಂಚಿನ ತುದಿಗೆ ಕೂತ. ನಟ್ಟಿನ ಸಂದಿಯಿಂದ ಗಾಳಿ ಹೊರಗೆ ಹೋದದ್ದನ್ನು ಹೇಳಿದ. ನೊರೆ ಹಚ್ಚಿ ನೋಡಬೇಕಿದ್ದದ್ದನ್ನೂ ಹೇಳಿದ.

"ಎಷ್ಟ ಹೊತ್ತಿನ ಕೆಲಸ್ರಿ ಅದು?"

"ಒಂದು ಎಲಿ ಅಡಿಕಿ ಹಾಕ್ಕೊಳ್ಳೂವಷ್ಟು, ತಂಗೆವ್ವಾ."

ಅವಳು ಮುಷ್ಟಿ ಬಿಚ್ಚಿದಳು. ಬನ್ನಿ ಎಲೆಗಳು ಬೆವರಿಗೆ ಅಂಗೈಗೆ ಅಂಟಿಕೊಂಡಿದ್ದವು.

"ಅಷ್ಟ ಹೊತ್ತು ನಾ ಕಾಯತಿದ್ನೆಲ್ರಿ," ಎಂದಳು.