ಹದಿನೇಳನೇ ನಂಬರಿನ ಜಾಡಿ

೧೯೩೯ನೇ ಇಸವಿ ಮಾರ್ಚ್ ೯, ಬೆಳಿಗ್ಗೆ ಒಂಬತ್ತೂಕಾಲು. ಡಾಕ್ಟರ್ ಗಣಪಯ್ಯ ಏದುಸಿರು ಬಿಡುತ್ತ ನರಸಿಂಹರಾಜಪುರ ಠಾಣೆಯ ಮೆಟ್ಟಿಲು ಹತ್ತಿದರು. ಮಕ್ಕಳ ಲಿವರ್ ರೋಗದ ಸಂಶೋಧನೆಗೆಂದು ಅವರು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷವಾಗಿತ್ತು. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಎರಡು ತುಂಬುವ ಮೊದಲೇ ಮಕ್ಕಳು ಸಾಯುತ್ತಿದ್ದ ಕಾಲ.

"ಜಾಡಿ ಕಳುವಾಗಿದೆ. ಹದಿನೇಳನೇ ನಂಬರು."

"ಒಳಗೇನಿತ್ತು?" ಇನ್ಸ್‌ಪೆಕ್ಟರ್ ಶಿವಶಂಕರಪ್ಪ ಕೇಳಿದ.

"ಸತ್ತ ಮಗುವಿನ ಲಿವರು."

ಪೇದೆ ದೇವಪ್ಪ ಬರೆಯುವುದನ್ನು ನಿಲ್ಲಿಸಿದ. "ಸ್ಪಿರಿಟ್ಟಲ್ಲಿ ಇರ್ತದಲ್ಲ ಸ್ವಾಮಿ? ಯಾವನೋ ಕುಡುಕ ಹೊತ್ಕೊಂಡು ಹೋಗಿರ್ಬೇಕು."

"ಫಾರ್ಮಲಿನ್ ಮಾರಾಯ ಅದು. ಕುಡಿದವ ನಿಮ್ಮ ಲಾಕಪ್ಪಿಗೆ ಬರಲ್ಲ, ನನ್ನ ಮೇಜಿಗೇ ಬರ್ತಾನೆ."

ಎಫ್‌ಐಆರ್ ಆಯಿತು. ಹತ್ತೂವರೆಗೆ ಸ್ಥಳದ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕಪಾಟಿನ ಜಾಡಿಗಳ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಒಂದು ಜಾಗ ಖಾಲಿ. ಅಲ್ಲಿ ಒಂದಿಷ್ಟು ವಿಭೂತಿ ಉದುರಿತ್ತು.

ಅದನ್ನು ಕಂಡದ್ದೇ ಶಿವಶಂಕರಪ್ಪ ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಿದ. ತನ್ನದೇ ಒಂದು ಕೂಸನ್ನು ಮಣ್ಣು ಮಾಡಿದ ವೀರಶೈವ ಆತ. ಹಣೆಗೆ ವಿಭೂತಿ ಹಚ್ಚದೆ ಹೆಣ ಎತ್ತುವುದಿಲ್ಲ. ಯಾರೋ ಈ ಜಾಡಿಗೆ ಹಚ್ಚಿ ಎತ್ತಿದ್ದಾರೆ.

"ಯಾರ ಮಗು?"

"ಕಡಹಿನಬೈಲಿನ ರೇಣುಕಪ್ಪನದು. ಸತ್ತು ಇಪ್ಪತ್ತು ದಿನ."

"ಹೆತ್ತವರಿಗೆ ಹೇಳಿ ತೆಗೆದಿರಾ?"

"ತಂದೆ ಹೆಬ್ಬೆಟ್ಟು ಒತ್ತಿದ್ದಾನೆ."

"ಯಾತಕ್ಕೆ ಒತ್ತಿದ ಅಂತ ಅವನಿಗೆ ಗೊತ್ತೇನ್ರೀ?" ಶಿವಶಂಕರಪ್ಪ ಗದರಿದ.

ಡಾಕ್ಟರು ನೆಲ ನೋಡಿದರು. "ಪರೀಕ್ಷೆ ಅಂದೆ. ಬಿಡಿಸಿ ಹೇಳಿದ್ರೆ ಯಾರು ಕೊಡ್ತಾರೆ?"

ರೋಗಿಗಳ ಪುಸ್ತಕ ತಿರುವಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಏಳನೇ ತಾರೀಕು ರೇಣುಕಪ್ಪನ ಹೆಂಡತಿ ನೀಲಾಂಬಿಕೆ ಎರಡನೇ ಕೂಸನ್ನು ತೋರಿಸಲು ಬಂದಿದ್ದಳು. ಡಾಕ್ಟರು ಕೈ ತೊಳೆಯಲು ಹಿತ್ತಿಲಿಗೆ ಹೋಗಿದ್ದಾಗ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳೆಂದು ಅವರಿಗೆ ನೆನಪಾಯಿತು.

ಮಧ್ಯಾಹ್ನ ಒಂದು ಗಂಟೆಗೆ ಪೊಲೀಸರು ಡಾಕ್ಟರನ್ನೂ ಕರೆದುಕೊಂಡು ಕಡಹಿನಬೈಲು ಮುಟ್ಟಿದರು. ಹುಡುಕುವ ಕೆಲಸವೇ ಬೀಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಾಡಿ ಬೋರಲಾಗಿ ಒಣಗುತ್ತಿತ್ತು.

"ಯಾರು ತಂದದ್ದು?"

"ನಾನೇ," ಎಂದಳು ನೀಲಾಂಬಿಕೆ. ಸೊಂಟದಲ್ಲಿ ಏಳು ತಿಂಗಳ ಹೆಣ್ಣು ಕೂಸು. "ಸೀಗೆಪುಡಿ ಹಾಕಿ ತಿಕ್ಕಿದೀನಿ, ವಾಸನೆ ಹೋಗಿಲ್ಲ. ಹೋದಮೇಲೆ ವಾಪಸ್ ಕೊಡೋಣ ಅಂತಿದ್ದೆ."

ರೇಣುಕಪ್ಪ ಬಾಯಿ ಬಿಟ್ಟುಕೊಂಡು ನಿಂತ. ಅವನಿಗೆ ಏನೊಂದೂ ತಿಳಿದಿರಲಿಲ್ಲ.

"ಇದೇ ಜಾಡಿ ಅಂತ ಹೆಂಗೆ ಗೊತ್ತಾಯ್ತು?"

ಅವಳು ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ಗಂಡುಮಗುವನ್ನು ಮೊದಲ ಸಲ ತೋರಿಸಿದಾಗ ಡಾಕ್ಟರು ಕೊಟ್ಟದ್ದು. ಅದರ ಮೇಲೆ ಹದಿನೇಳು. "ಮಣ್ಣು ಮಾಡೋವಾಗ ಅವನ ಹೊಟ್ಟೆ ಮೇಲೆ ಹೊಲಿಗೆ ನೋಡಿದ್ದೆ. ಓದಕ್ಕೆ ಬರಲ್ಲ. ಗುರುತು ಒಂದೇ ಥರ ಇತ್ತು."

"ಒಳಗಿದ್ದದ್ದು?"

"ಅವನ ಹತ್ರ ಇಟ್ಟು ಬಂದೆ." ಗದ್ದೆಯಂಚಿನ ಪುಟ್ಟ ಗೋರಿಯ ಮಣ್ಣು ಹೊಸದಾಗಿ ಕೆದಕಿದಂತಿತ್ತು. "ನಾನು ಎಂಟು ತಿಂಗಳ ಬಸುರಿಯಾಗಿದ್ದಾಗ್ಲೇ, ಹೊಟ್ಟೇಲಿದ್ದಂಗೇ ಲಿಂಗ ಕಟ್ಟಿಸಿದ ಮೈ ಸ್ವಾಮಿ ಅದು. ಅರ್ಧ ಇಲ್ಲಿ, ಅರ್ಧ ಬಾಟ್ಲೀಲಿ ಅಂದ್ರೆ ಶಿವ ಯಾವುದನ್ನ ಕರ್ಕೋತಾನೆ?"

ಶಿವಶಂಕರಪ್ಪ ಡಾಕ್ಟರ ಕಡೆ ತಿರುಗಿದ. "ಅಗೆಸಲಾ?"

"ಎರಡು ದಿನ ಮಣ್ಣಲ್ಲಿದೆ. ಇನ್ನು ಉಪಯೋಗ ಇಲ್ಲ. ಹುಟ್ಟಿದಾಗಿಂದ ಸಾಯೋತನಕ ಒಂದೊಂದು ದಿನದ ಲೆಕ್ಕ ನನ್ನ ಹತ್ರ ಇದ್ದದ್ದು ಅದೊಂದೇ ಮಗುವಿನದು. ನಾಳೆ ಅದನ್ನ ಕುಯ್ದು ನೋಡೋನಿದ್ದೆ."

ಕಳವು ಕಳವೇ. ಕಾನೂನಿಗೆ ವಿಭೂತಿ ಗೊತ್ತಿಲ್ಲ. ೩೮೦ನೇ ಕಲಂ ಪ್ರಕಾರ ಅವಳನ್ನು ದಸ್ತಗಿರಿ ಮಾಡಬೇಕಾಯಿತು. ಮೊಲೆಕೂಸನ್ನು ಬಿಟ್ಟು ಬರುವುದಿಲ್ಲವೆಂದಳು. "ಎತ್ಕೊಂಡೇ ಬಾರಮ್ಮ," ಎಂದ ಶಿವಶಂಕರಪ್ಪ. ಆಮೇಲೆ ಸುಮ್ಮಸುಮ್ಮನೆ ದೇವಪ್ಪನ ಮೇಲೆ ರೇಗಿದ.

ಸಂಜೆ ಐದಕ್ಕೆ ಠಾಣೆಯ ಬೆಂಚಿನ ಮೇಲೆ ಡಾಕ್ಟರು ಕೂಸನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಪಕ್ಕೆಲುಬಿನ ಕೆಳಗೆ ಎರಡು ಬೆರಳು ಗಟ್ಟಿ. ಉಬ್ಬಿದ ಲಿವರಿನ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದರು. ಕಚಗುಳಿಯಾಗಿ ಕೂಸು ನಕ್ಕಿತು.

"ಅವನಿಗೂ ಮೊದಲು ಇಷ್ಟೇ ಇತ್ತು," ಎಂದಳು ನೀಲಾಂಬಿಕೆ. "ಇವಳಿಗೆ ಔಷಧಿ ಇದೆ ಅಲ್ವಾ ಡಾಕ್ಟ್ರೆ?"

ಗಣಪಯ್ಯನವರು ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿದರು.

"ಅದನ್ನೇ ಆ ಜಾಡಿಯೊಳಗೆ ಹುಡುಕೋನಿದ್ದೆ ಕಣಮ್ಮ."

ಶಿವಶಂಕರಪ್ಪ ದಿನಚರಿ ಎಳೆದುಕೊಂಡ. ಅಪರಾಧದ ಉದ್ದೇಶ ಎಂಬಲ್ಲಿ ಬರೆದ: ಮಗ ಇಡಿಯಾಗಿ ಮಣ್ಣು ಸೇರಲೆಂದು.