ಮೇಬಲ್ ಸತ್ತ ಮೇಲೆ

"ಒಳಗೆ ಕಾಲಿಡಬೇಡ ಅಕ್ಕಾ! ಅಮ್ಮನ್ನ ಕೊಲ್ಲಬೇಕು ಅಂತಲೇ ಬಂದಿದೀಯಾ?"

ನಾರ್ಮಾ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಇಂಗ್ಲೆಂಡಿನ ಸಾಲ್ಫರ್ಡಿನ ಆ ಕೆಂಪು ಇಟ್ಟಿಗೆಯ ಮನೆಯ ಹೊಸ್ತಿಲಾಚೆ, ಭಾನುವಾರದ ಮಧ್ಯಾಹ್ನವನ್ನೇ ನುಂಗಿದ್ದ ಮಂಜಿನಲ್ಲಿ, ಅವಳ ಅಕ್ಕ ಏವ್ರಿಲ್ ಕೇಕಿನ ಡಬ್ಬಿ ಹಿಡಿದು ನಿಂತಿದ್ದಳು.

"ಬುಧವಾರ ಟಿವಿಯಲ್ಲಿ ನಿನ್ನ ಶವಪೆಟ್ಟಿಗೆ ಹೋಗೋದನ್ನ ಅಮ್ಮ ಕಣ್ಣಾರೆ ನೋಡಿದಾಳೆ. 'ಮೇಬಲ್ ಹೋಗಿಬಿಟ್ಟಳಲ್ಲೇ' ಅಂತ ಒಂದೇ ಸಮ ಅಳು. ಈಗ ನಿನ್ನ ಮುಖ ಕಂಡ್ರೆ ಎದೆ ಒಡೆದೇ ಹೋಗುತ್ತೆ!"

ಹದಿನೆಂಟು ವರ್ಷ ಏವ್ರಿಲ್ 'ಗ್ಯಾಸ್‌ವರ್ಕ್ಸ್ ರೋಡ್' ಧಾರಾವಾಹಿಯಲ್ಲಿ ಪಬ್ಬಿನ ಒಡತಿ ಮೇಬಲ್ ಆಗಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ... ಊರಿಗೆ ಊರೇ ಅವಳನ್ನು ಮನೆಮಗಳೆಂದುಕೊಂಡಿತ್ತು. ಹೊಸದಾಗಿ ಬಂದ ನಿರ್ಮಾಪಕನಿಗೆ ಮಾತ್ರ ಹಳೆಯ ಮುಖಗಳು ಬೇಡವಾದವು. ಕಥೆಯಲ್ಲಿ, ಗಿರಾಕಿಗೆ ಬಿಯರ್ ಬಗ್ಗಿಸುತ್ತಿರುವಾಗಲೇ ಮೇಬಲ್‌ಳ ಎದೆಬಡಿತ ನಿಂತುಹೋಯಿತು. ಮರುದಿನ ಕರಿದ ಮೀನು, ಚಿಪ್ಸ್ ಮಾರುವ ಅಂಗಡಿಯವಳು ಪೊಟ್ಟಣ ಕಟ್ಟುತ್ತಾ, "ಸತ್ತೋರಿಗೂ ವಿನೆಗರ್ ಹಾಕ್ಬೇಕೇನಮ್ಮಾ?" ಎಂದು ನಕ್ಕಿದ್ದಳು. ಏವ್ರಿಲ್ ಕೂಡ ನಕ್ಕಿದ್ದಳು. ಆದರೆ ಮನೆಗೆ ಬಂದು ಕನ್ನಡಿಯ ಮುಂದೆ ಕೂದಲು ಬಿಚ್ಚುವಾಗ, ಅತ್ತ ಕಡೆಯಿಂದ ತನ್ನನ್ನು ನೋಡುತ್ತಿರುವವಳು ಯಾರೆಂದು ಒಂದು ಗಳಿಗೆ ತಿಳಿದಿರಲಿಲ್ಲ!

ತಾಯಿ ಎಥೆಲ್‌ಗೆ ಮರೆವು ಕವಿದು ವರ್ಷಗಳೇ ಆಗಿದ್ದವು. ಜೊತೆಗಿದ್ದು ಉಣಿಸಿ ತೊಳೆಯುವ ನಾರ್ಮಾ ಗೊತ್ತಿದ್ದಳು. ಹಿರಿಮಗಳು ಏವ್ರಿಲ್‌ಳ ಮುಖ ಮಾತ್ರ ಅಳಿಸಿಹೋಗಿತ್ತು. ಅವಳು ಬಂದಾಗಲೆಲ್ಲ ಮುದುಕಿ ಕಾಣುತ್ತಿದ್ದುದು ಮೇಬಲ್‌ಳನ್ನೇ. "ನಮ್ಮ ದೊಡ್ಡವಳು ಈ ಕಡೆ ತಲೆ ಹಾಕಲ್ಲ ಕಣೇ ಮೇಬಲ್," ಎಂದು ಮಗಳ ಬಗ್ಗೆ ಮಗಳ ಹತ್ತಿರವೇ ದೂರುತ್ತಿದ್ದಳು. ಏವ್ರಿಲ್ ಅದನ್ನು ಬಿಸಿ ಚಹಾದ ಜೊತೆ ನುಂಗಿಕೊಳ್ಳುತ್ತಿದ್ದಳು.

"ಯಾರೇ ನಾರ್ಮಾ ಅದು?"

ಗೋಡೆ ಹಿಡಿದುಕೊಂಡು ಎಥೆಲ್ ಬಂದೇಬಿಟ್ಟಳು. ಮಂಜಿನಲ್ಲಿ ನಿಂತವಳನ್ನು ದಿಟ್ಟಿಸಿದಳು. ನಾರ್ಮಾ ತಾಯಿಯನ್ನು ಹಿಡಿಯಲು ಧಾವಿಸಿದಳು... ಆದರೆ ಮುದುಕಿ ಚೀರಲಿಲ್ಲ, ಬೀಳಲೂ ಇಲ್ಲ.

"ಮೇಬಲ್... ಬಂದ್ಯಾ? ಬಾ ಒಳಗೆ. ಅಲ್ಲಿ ಬಹಳ ಚಳಿ ಅಂತಾರಲ್ಲ," ಎಂದು ತನ್ನ ಹೆಗಲ ಶಾಲನ್ನೇ ತೆಗೆದು ಹೊದಿಸಿದಳು. ಬೆಂಕಿಯ ಪಕ್ಕ ಕೂರಿಸಿ, ಸುತ್ತ ಒಮ್ಮೆ ನೋಡಿ, ಗುಟ್ಟಿನ ದನಿಯಲ್ಲಿ ಕೇಳಿದಳು: "ಅಲ್ಲಿ ನಮ್ಮ ಕಾಲಿನ್ ಸಿಕ್ಕಿದ್ನಾ?"

ಆ ಹೆಸರು! ಆ ಮನೆಯ ಗೋಡೆಗಳು ಮೂವತ್ತೈದು ವರ್ಷದಿಂದ ಕೇಳದ ಹೆಸರು! ಕಾಲಿನ್ ಅವರ ಕೊನೆಯ ತಮ್ಮ, ಆರು ವರ್ಷದ ಮಗು. ತಾಯಿ ಗಿರಣಿಗೆ ಹೋಗಿದ್ದ ದಿನ ಅವನನ್ನು ನೋಡಿಕೊಳ್ಳಬೇಕಾದ ಏವ್ರಿಲ್ ಚರ್ಚಿನ ಹಾಲ್‌ಗೆ ನಾಟಕದ ತಾಲೀಮಿಗೆ ಓಡಿದ್ದಳು. ಸಂಜೆ ಕಾಲುವೆಯಿಂದ ಅವನನ್ನು ಎತ್ತಿ ತಂದರು. "ನಿನ್ನ ನಾಟಕ ನನ್ನ ಮಗನ್ನ ತಿಂದುಬಿಡ್ತು," ಎಂದು ತಾಯಿ ಸಮಾಧಿಯ ಮುಂದೆ ಅಂದಿದ್ದಳು. ಏವ್ರಿಲ್ ಪ್ರತಿ ದೃಶ್ಯಕ್ಕೆ ಮುಂಚೆ, ದೀಪ ಹೊತ್ತುವ ಮೊದಲಿನ ಆ ಕತ್ತಲಲ್ಲಿ, ಆ ಮಾತನ್ನು ಕೇಳಿಸಿಕೊಂಡೇ ನಟಿಸಿದವಳು.

"ಅಮ್ಮಾ, ನಾನು..." ಎಂದು ಶುರುಮಾಡಿದಳು. ತಾಯಿಯ ಕಣ್ಣಿನಲ್ಲಿದ್ದ ಆಸೆ ಕಂಡು ನಿಂತಳು. ಬೆನ್ನು ನೆಟ್ಟಗೆ ಮಾಡಿ, ಪಬ್ಬಿನ ಒಡತಿಯ ದಪ್ಪ ದನಿ ತಂದುಕೊಂಡಳು. "ಸಿಗದೆ ಏನು ಎಥೆಲ್! ತುಂಟ ಅಂದ್ರೆ ತುಂಟ!"

"ಮೈಯೆಲ್ಲಾ ಒದ್ದೆ ಇದ್ಯಾ?"

"ಇಲ್ಲಪ್ಪ. ಗರಿಗರಿ ಬಟ್ಟೆ. ಬೆಚ್ಚಗಿದಾನೆ."

ಮುದುಕಿಯ ಉಸಿರು ಸಡಿಲವಾಯಿತು. "ಅವನಿಗೆ... ಅಕ್ಕನ ಮೇಲೆ ಕೋಪ ಇದ್ಯಾ?"

ಹದಿನೆಂಟು ವರ್ಷ ಒಂದು ಮಾತೂ ತಪ್ಪದ ನಟಿಗೆ ಈಗ ಮಾತೇ ಹೊರಡಲಿಲ್ಲ. ಆಗ ಹಿಂದಿನಿಂದ ಒಂದು ಬಿಕ್ಕು ಕೇಳಿಸಿತು.

"ಅವಳ ಮೇಲೆ ಯಾಕಮ್ಮಾ ಕೋಪ? ನಾನು ಕಳಿಸಿದ್ದು ಅವನನ್ನ... ನಾನು!" ನಾರ್ಮಾ ನೆಲಕ್ಕೆ ಕುಸಿದಿದ್ದಳು. "ಆಟಕ್ಕೆ ಅಡ್ಡ ಬರ್ತಾನೆ ಅಂತ, 'ಹೋಗು, ಕಾಲುವೆ ದಾರೀಲಿ ಅಕ್ಕನ ಹತ್ರ ಹೋಗು' ಅಂದೆ. ಹತ್ತು ವರ್ಷ ನನಗೆ. ಆಮೇಲೆ ಹೇಳೋಕೆ ಹೆದರಿಕೆ ಆಯ್ತು... ನೀನು ಬೈಸಿಕೊಳ್ತಿದ್ರೆ ಸುಮ್ಮನೆ ನಿಂತಿದ್ದೆ ಅಕ್ಕಾ! ನಿನ್ನ ಮುಖ ಕಂಡಾಗಲೆಲ್ಲ ಅದೇ ನೆನಪಾಗೋದು, ಅದಕ್ಕೇ ಬೇಗ ಬೇಗ ಕಳಿಸಿಬಿಡ್ತಿದ್ದೆ, ಇವತ್ತೂ ಅಡ್ಡ ನಿಂತೆ..."

ತಂಗಿ ಮದುವೆ ಬೇಡವೆಂದದ್ದು, ತಾಯಿಯ ಪಕ್ಕ ಬಿಟ್ಟು ಕದಲದೇ ಇದ್ದದ್ದು... ಎಲ್ಲವೂ ಏವ್ರಿಲ್‌ಗೆ ಒಮ್ಮೆಗೇ ಅರ್ಥವಾಯಿತು. ಸಿಟ್ಟು ಬಂತು, ಬಂದಷ್ಟೇ ಬೇಗ ಕಣ್ಣೀರಾಯಿತು. ಕುರ್ಚಿಯಿಂದ ಇಳಿದು ನೆಲದ ಮೇಲೆ ತಂಗಿಯ ಪಕ್ಕ ಕೂತು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಎಥೆಲ್‌ಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. ಕೈ ಚಾಚಿ ಇಬ್ಬರ ನೆತ್ತಿಯನ್ನೂ ಸವರಿದಳು.

"ಮಕ್ಕಳು ಕಣೇ ಮೇಬಲ್, ಮಕ್ಕಳಿಗೇನು ಗೊತ್ತಾಗುತ್ತೆ? ನಾನು ದೊಡ್ಡವಳು, ನಾನೇ ಬಾಯಿಗೆ ಬಂದದ್ದು ಅಂದೆ. ನಮ್ಮ ಏವ್ರಿಲ್ ಮನೆ ಕಡೆ ಹೋದ್ರೆ ಒಂದು ಮಾತು ಹೇಳು... ಅಮ್ಮ ಅಂದಿದ್ದು ತಪ್ಪು ಅಂತ. ಹೇಳ್ತೀಯಾ?"

"ಹೇಳ್ತೀನಿ ಎಥೆಲ್," ಎಂದಳು ಏವ್ರಿಲ್. "ಖಂಡಿತ ಹೇಳ್ತೀನಿ."

ಆ ವಾರವೇ ಅವಳು ತನ್ನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದಳು. ಲಂಡನ್ನಿನಿಂದ ಬೇರೊಂದು ಧಾರಾವಾಹಿಗೆ ಕರೆ ಬಂತು, ಬೇಡವೆಂದಳು. ಚಳಿಗಾಲವಿಡೀ ಅಕ್ಕತಂಗಿಯರು ಸರದಿಯ ಮೇಲೆ ತಾಯಿಯನ್ನು ನೋಡಿಕೊಂಡರು. ಮುದುಕಿ ದಿನವೂ ಕಾಲಿನ್ನನ ಸುದ್ದಿ ಕೇಳುವಳು. ಸತ್ತ ಮೇಬಲ್ ದಿನವೂ ಹೊಸ ಸುದ್ದಿ ತರುವಳು. ಕೆಲವೊಮ್ಮೆ ಏವ್ರಿಲ್‌ಗೇ, ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಯ ಸದ್ದು ಕೇಳಿದಂತಾಗುತ್ತಿತ್ತು. ಅವಳು ಹೆದರುವುದನ್ನು ಬಿಟ್ಟಿದ್ದಳು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಎಥೆಲ್ ಹಾಸಿಗೆಯಿಂದ ಏಳಲಿಲ್ಲ. ನಾರ್ಮಾ ಡಾಕ್ಟರನ್ನು ಕರೆಯಲು ಓಡಿದಳು. ತಾಯಿ ಕಣ್ಣು ತೆರೆದು, ಪಕ್ಕದಲ್ಲಿದ್ದವಳ ಮುಖವನ್ನು ಬಹಳ ಹೊತ್ತು ನೋಡಿದಳು. ಈಗಲಾದರೂ... ಈಗಲಾದರೂ ಒಮ್ಮೆ ತನ್ನ ಹೆಸರು ಹಿಡಿದು ಕರೆಯಬಾರದೇ ಎಂದು ಏವ್ರಿಲ್‌ಳ ಜೀವ ಬಾಯಿಗೆ ಬಂತು.

"ಮೇಬಲ್... ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ?"

ಏವ್ರಿಲ್ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಆ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪಬ್ಬಿನ ಒಡತಿಯ ದನಿಯಲ್ಲಿ ಅಂದಳು:

"ಹೂಂ ಕಣೇ ಎಥೆಲ್. ಏಳು, ಹುಡುಗ ಕಾಯ್ತಿದಾನೆ."