ಕ್ಯಾಮೆರಾ ಹಿಂದೆ ಯಾರೂ ಇಲ್ಲ

ಕಾಶಿನಾಥನ ಎಡಗಾಲಿನ ಎರಡು ಬೆರಳು ಹೋದದ್ದು ಹಿಮಾಲಯದಲ್ಲಿ. ಊರಿಗೆಲ್ಲ ಗೊತ್ತಿದ್ದದ್ದು ಮಾತ್ರ ಬೇರೆ: ಹೆಬ್ಬಾಳದ ಫ್ಲೈಓವರ್ ಕೆಳಗೆ ಬೈಕ್ ಜಾರಿತು, ಪಾಪ. ಆ ಕತೆ ಕಟ್ಟಿದವನು ಸುನೀಲ್. ಆಸ್ಪತ್ರೆಯ ಮಂಚದ ಪಕ್ಕ ಕೂತು, ಕೈಯಾರೆ ಇಡ್ಲಿ ತಿನ್ನಿಸುತ್ತ, ‘ಯಾರಾದ್ರೂ ಕೇಳಿದ್ರೆ ಇಷ್ಟೇ ಹೇಳು ಮಗಾ’ ಎಂದು ಪಾಠ ಮಾಡಿದ್ದ. ಅಷ್ಟು ಅಕ್ಕರೆಯಿಂದ ಕಲಿಸಿದ ಸುಳ್ಳನ್ನು ಬೇಡ ಎನ್ನುವುದು ಹೇಗೆ? ಕಾಶಿನಾಥ ಇಡ್ಲಿಯ ಜೊತೆಗೆ ಅದನ್ನೂ ನುಂಗಿದ.

ಸುನೀಲನ ಚಾನೆಲ್ಲಿನ ಹೆಸರು ‘ಒಂಟಿ ಹೆಜ್ಜೆ’. ಸಹಕಾರನಗರದ ಈ ಹುಡುಗ ಡೇರೆ, ಅಕ್ಕಿ, ಪುಟ್ಟ ಸ್ಟವ್ ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಾನೆ, ನಾಲ್ಕೈದು ದಿನ ಒಬ್ಬನೇ ನಡೆಯುತ್ತಾನೆ, ಒಬ್ಬನೇ ಅನ್ನ ಬೇಯಿಸಿಕೊಳ್ಳುತ್ತಾನೆ, ಒಬ್ಬನೇ ಮಳೆಯಲ್ಲಿ ನೆನೆಯುತ್ತಾನೆ. ಲಕ್ಷಾಂತರ ಜನ ಮನೆಯಲ್ಲಿ ಬೆಚ್ಚಗೆ ಕೂತು ಅದನ್ನು ನೋಡಿ, ‘ಅಣ್ಣಾ, ನಿಮ್ ಧೈರ್ಯಕ್ಕೆ ಸಲಾಂ’ ಎಂದು ಬರೆಯುತ್ತಾರೆ. ಆ ಒಂಟಿ ಹೆಜ್ಜೆಯ ಹಿಂದೆ ಇನ್ನೊಂದು ಜೊತೆ ಹೆಜ್ಜೆ ಇದ್ದದ್ದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ಪ್ರತಿ ಬೆಟ್ಟಕ್ಕೂ ಕಾಶಿನಾಥ ಜೊತೆಗೆ ಹೋಗುತ್ತಿದ್ದ. ಕ್ಯಾಮೆರಾ, ಟ್ರೈಪಾಡು, ಬ್ಯಾಟರಿ ಎಲ್ಲ ಅವನ ಬೆನ್ನಿಗೆ. ಏರು ಕಡಿದಾದಲ್ಲಿ ಸುನೀಲನ ಅಕ್ಕಿಯೂ ಅವನ ಬೆನ್ನಿಗೇ. ಹಿಮದಲ್ಲಿ ಸೂರ್ಯೋದಯದ ಶಾಟ್ ತೆಗೆದ ಬೆಳಿಗ್ಗೆಯೂ ಅಷ್ಟೆ. ನಡೆಯುತ್ತಿದ್ದ ಸುನೀಲನ ಕಾಲು ಬೆಚ್ಚಗಿತ್ತು, ನಿಂತು ಶಾಟ್ ತೆಗೆದವನ ಕಾಲು ಮರಗಟ್ಟಿತು.

ಹೊರಗಿನವರಿಗೆ ಕಾಶಿನಾಥ ಚಾನೆಲ್ಲಿನ ಎಡಿಟರ್. ಸುನೀಲನ ಮನೆಯ ಮಹಡಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು, ಕುಂಟುವವನು, ಅಷ್ಟೆ. ಗದಗದ ಕಡೆಯಿಂದ ಬಂದು ಅಮೃತಹಳ್ಳಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದ. ಜೊತೆಗೆ ತಾಯಿ ರತ್ನವ್ವ, ಕಾಲೇಜೊಂದರ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಕೆಲಸ. ಆಕೆ ಮಗನ ಫೋನಿನಲ್ಲಿ ಪ್ರತಿ ವಿಡಿಯೋ ತಪ್ಪದೆ ನೋಡುತ್ತಿದ್ದಳು, ಕೊನೆಗೆ ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದಳು.

“ಎಲ್ಲಾ ಛಲೋ ಐತಿ. ಇದರಾಗ ನೀ ಎಲ್ಲಿದ್ದಿಯೋ?”

“ನಾ ಹಿಂದ ಇರ್ತೀನಿ ಬೇ.”

“ಹಿಂದ ಅಂದ್ರ ಎಲ್ಲಿ? ಹೆಸರರೆ ಬರಬೇಕಲ್ಲ?”

ಅವನಿಗೂ ಹಾಗೇ ಅನ್ನಿಸತೊಡಗಿತು. ಯಲಹಂಕದ ಒಂದು ಸಭಾಂಗಣದಲ್ಲಿ ಅಭಿಮಾನಿಗಳ ಕೂಟ ನಡೆದ ದಿನ ಅದು ಗಟ್ಟಿಯಾಯಿತು. ಆರ್.ಟಿ. ನಗರದ ಅಫ್ರೀನ್ ಎಂಬ ಹುಡುಗಿ ಎದ್ದು ನಿಂತಳು. ತಾನೂ ಸಣ್ಣದೊಂದು ಚಾನೆಲ್ ಶುರು ಮಾಡಿದ್ದೇನೆ, ಒಬ್ಬಳೇ ಬೆಟ್ಟ ಹತ್ತುತ್ತೇನೆ ಎಂದಳು.

“ಅಣ್ಣ, ಒಬ್ರೇ ಇದ್ಕೊಂಡು ನೀವು ನಡ್ಕೊಂಡು ಹೋಗೋದನ್ನ ಅಷ್ಟು ದೂರದಿಂದ ಹೆಂಗೆ ಶೂಟ್ ಮಾಡ್ತೀರಾ?”

ಸುನೀಲ್ ನಕ್ಕ. “ರಿಮೋಟು ಗಿಮೋಟು ಏನೂ ಇಲ್ಲಮ್ಮ. ಟ್ರೈಪಾಡ್ ನಿಲ್ಸು, ಆನ್ ಮಾಡು, ನಡ್ಕೊಂಡು ಹೋಗು. ಶಾಟ್ ಆದ್ಮೇಲೆ ಅಷ್ಟೂ ದೂರ ವಾಪಸ್ ಬಂದು ಎತ್ಕೋ. ಅದಕ್ಕೇ ನಾನು ಪ್ರತಿ ಬೆಟ್ಟ ಎರಡೆರಡು ಸಲ ಹತ್ತೋದು!”

ಸಭೆ ಚಪ್ಪಾಳೆ ಹೊಡೆಯಿತು. ಹಿಂದಿನ ಸಾಲಿನಲ್ಲಿ ನಿಂತು ಅದನ್ನೂ ಶೂಟ್ ಮಾಡುತ್ತಿದ್ದ ಕಾಶಿನಾಥನ ಇಲ್ಲದ ಬೆರಳುಗಳು ಚುಚ್ಚಿದವು. ಅವು ಹಾಗೆ ಆಗಾಗ ಚುಚ್ಚುತ್ತಿದ್ದವು.

ಆ ಸಂಜೆ ಕಾರಿನಲ್ಲಿ ಅವನು ಬಾಯಿಬಿಟ್ಟು ಕೇಳಿದ. “ಸುನೀ, ಮುಂದಿನ ವಿಡಿಯೋದಲ್ಲಿ ನನ್ ಹೆಸರು ಹಾಕಣ. ಛಾಯಾಗ್ರಹಣ ಅಂತ. ಕೊನೇಲಿ ಸಣ್ಣದಾಗಿ ಬಂದ್ರೂ ಸಾಕು.”

“ತಲೆ ಕೆಟ್ಟಿದ್ಯಾ? ಹೆಸರು ಹಾಕಿದ್ರೆ ಒಂಟಿ ಹೆಜ್ಜೆ ಎಲ್ಲಿ ಉಳೀತು? ನೀನು ಇಲ್ಲ ಕಣೋ ಕಾಶಿ. ನೀನು ಇಲ್ಲದೇ ಇರೋದೇ ನಮ್ ಚಾನೆಲ್ಲು.” ಸಿಗ್ನಲ್ ಬಿತ್ತು. ಸುನೀಲ್ ಮಾತು ಬದಲಿಸಿದ. “ಅಂದಂಗೆ, ಮುಂದಿನ ವರ್ಷದಿಂದ ಮುಂಬೈ ಹುಡುಗ ಒಬ್ಬ ಬರ್ತಾನೆ. ನಿನ್ ಕಾಲು ಇನ್ನು ಹಿಮಕ್ಕೆ ಆಗಲ್ಲ ಮಗಾ. ನೀನು ಆರಾಮಾಗಿ ಎಡಿಟಿಂಗ್ ನೋಡ್ಕೋ.”

ಕಾಶಿನಾಥ ಜಗಳವಾಡಲಿಲ್ಲ. ‘ನೀನು ಇಲ್ಲ’ ಎಂಬ ಮಾತನ್ನೇ ಮನೆಗೆ ಒಯ್ದು, ಹಲವು ದಿನ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಇಲ್ಲದವನು ಬೆಟ್ಟ ಹತ್ತಿದ್ದನ್ನು ಯಾರೂ ಕಂಡಿಲ್ಲ. ಇಲ್ಲದವನು ಬೆಟ್ಟ ಇಳಿದದ್ದನ್ನೂ ಯಾರೂ ಕಾಣುವುದಿಲ್ಲ. ಬೆಟ್ಟದ ಮೇಲೆ ಸುನೀಲನಿಗೆ ಏನೇ ಆದರೂ, ಅಲ್ಲಿ ಸುನೀಲ್ ಒಬ್ಬನೇ ಇದ್ದ ಎಂದು ಲಕ್ಷಾಂತರ ಜನ ಆಣೆ ಮಾಡಿ ಹೇಳುತ್ತಾರೆ. ಇಂಥ ಸಾಕ್ಷಿ ಯಾವ ಕೊಲೆಗಾರನಿಗೆ ಸಿಕ್ಕೀತು?

ಯೋಜನೆ ಮಾಡಲು ಕೂತಾಗ ಅವನಿಗೇ ನಗು ಬಂತು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕೊಲೆಗೆ ಬೇಕಾದ ಏರ್ಪಾಡನ್ನೆಲ್ಲ ಕೊಲೆಯಾಗುವವನೇ ವರ್ಷಗಟ್ಟಲೆ ಶ್ರದ್ಧೆಯಿಂದ ಮಾಡಿಟ್ಟಿದ್ದ. ಸುನೀಲ್ ಯಶವಂತಪುರದಲ್ಲಿ ಬಸ್ ಹತ್ತಿ, ಕಿಟಕಿ ಪಕ್ಕ ಕೂತು ತನ್ನದೇ ವಿಡಿಯೋ ಮಾಡಿಕೊಳ್ಳುವುದು, ಕಾಶಿನಾಥ ಗೊರಗುಂಟೆಪಾಳ್ಯದಲ್ಲಿ ಬೇರೆ ಬಸ್ ಹತ್ತುವುದು ಹಳೆಯ ಪದ್ಧತಿ. ಅರಣ್ಯದ ಗೇಟಿನಲ್ಲಿ ಸುನೀಲ್ ಒಬ್ಬನೇ ಸಹಿ ಹಾಕುತ್ತಿದ್ದ. ಕಾಶಿನಾಥ ಹಳ್ಳದ ಗುಂಟ ಸುತ್ತು ಹಾಕಿ ಮೇಲೆ ಸೇರಿಕೊಳ್ಳುತ್ತಿದ್ದ. ಇಬ್ಬರಿಗೂ ಒಂದೇ ಕಂಪನಿಯ, ಒಂದೇ ಅಳತೆಯ ಶೂ. ಕೆಸರಿನಲ್ಲಿ ಎರಡು ಬಗೆಯ ಅಚ್ಚು ಕಂಡರೆ ನೋಡುವವರಿಗೆ ಅನುಮಾನ ಬರುತ್ತದೆ ಎಂದು ಸುನೀಲನೇ ಮಾಡಿದ ನಿಯಮ ಅದು. ಕ್ಯಾಮೆರಾ ಯಾವಾಗಲೂ ಟ್ರೈಪಾಡಿನ ಮೇಲೇ ಇರಬೇಕು, ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ, ಅಲುಗಾಡಿದರೆ ಹಿಡಿದವನು ಇದ್ದಾನೆ ಎಂದು ಗೊತ್ತಾಗುತ್ತದೆ ಎಂಬುದು ಇನ್ನೊಂದು.

ಉಳಿದ ಸಣ್ಣಪುಟ್ಟದ್ದನ್ನು ಕಾಶಿನಾಥ ಸೇರಿಸಿದ. ಸುನೀಲ್ ಬೆಟ್ಟಕ್ಕೆ ಹೋದಾಗಲೆಲ್ಲ ಅವನ ಹೆಂಡತಿ ಸಂಯುಕ್ತಾ ಮನೆಗೆ ಬೀಗ ಹಾಕಿ ಯಲಹಂಕದ ತವರಿಗೆ ಹೋಗುತ್ತಿದ್ದಳು. ಮಹಡಿ ಕೋಣೆಗೆ ಹೊರಗಿನಿಂದ ಮೆಟ್ಟಿಲು. ಹಾಗಾಗಿ ಎಂದಿನಂತೆ ‘ಎಡಿಟಿಂಗ್ ಐತಿ, ಅಲ್ಲೇ ಮಲಗ್ತೀನಿ’ ಎಂದು ತಾಯಿಗೆ ಹೇಳಿ, ಈ ಸಲ ‘ಫೋನ್ ಇದ್ರ ಕೆಲಸ ಕೆಡತೈತಿ’ ಎಂದು ಫೋನನ್ನು ಅವಳ ಕೈಗೇ ಕೊಟ್ಟ. ರತ್ನವ್ವ ಅದರಲ್ಲಿ ದಿನವಿಡೀ ಅಡುಗೆ, ಭಜನೆ ನೋಡಿದಳು. ಯಾರಾದರೂ ಮುಂದೆ ವಿಚಾರಿಸಿದರೆ, ಫೋನು ಅಮೃತಹಳ್ಳಿ ಬಿಟ್ಟು ಕದಲಿರಲಿಲ್ಲ, ಕೈ ಬಿಟ್ಟು ಇಳಿದಿರಲಿಲ್ಲ.

ಬೆಟ್ಟದ ಹೆಸರು ಗಾಳಿಕಲ್ಲು. ಮೂರು ದಿನದ ದಾರಿ. ಮೊದಲೆರಡು ದಿನ ಕಾಶಿನಾಥ ಎಂದಿಗಿಂತ ಚೆನ್ನಾಗಿ ಕೆಲಸ ಮಾಡಿದ. ಅವನ ಕೆಲಸದಲ್ಲಿ ಪೋಲು ಇರಲಿಲ್ಲ. ಬೇಕಾದಾಗ ಶುರು, ಮುಗಿದ ಕ್ಷಣಕ್ಕೆ ಬಂದ್. ‘ಕಾಶಿ ಶಾಟಿಗೆ ಬಾಲ ಇರಲ್ಲ ಗುರು, ಕತ್ತರಿಸೋ ಕೆಲಸವೇ ಇಲ್ಲ’ ಎಂದು ಸುನೀಲ್ ಹೊಗಳುತ್ತಿದ್ದ. ಅವನು ಹೊಗಳುತ್ತಿದ್ದದ್ದು ಅದೊಂದಕ್ಕೇ.

ಕೊನೆಯ ಬೆಳಿಗ್ಗೆ ಜಾಗ ಹುಡುಕಿದವನೂ ಸುನೀಲನೇ. ಬೆಟ್ಟದ ನೆತ್ತಿಯ ಮೇಲೆ ಕಾಲುದಾರಿ ಉದ್ದಕ್ಕೆ ಸಾಗಿ, ದೂರದಲ್ಲಿ ಬಂಡೆಯೊಂದನ್ನು ಬಳಸಿ ತಿರುಗುತ್ತಿತ್ತು. ತಿರುವಿನ ಆಚೆ ಪ್ರಪಾತ.

“ಅಲ್ಲೀವರೆಗೂ ಹೋಗ್ತೀನಿ ಕಣೋ. ಮಂಜೊಳಗೆ ಮಾಯ ಆಗ್ಬೇಕು, ಅಂಥ ಶಾಟು. ತಿರುಗಿ ನೋಡಲ್ಲ.”

“ತಿರುಗಿ ನೋಡ್ಬೇಡ” ಎಂದ ಕಾಶಿನಾಥ.

ಸುನೀಲ್ ನಡೆದ. ಬೆನ್ನಿನ ಕೆಂಪು ಚೀಲ ಚಿಕ್ಕದಾಗುತ್ತ ಹೋಯಿತು, ತಿರುವಿನಲ್ಲಿ ಮಂಜು ಅದನ್ನು ಮುಚ್ಚಿತು. ಕಾಶಿನಾಥ ಒಂದು ಉಸಿರಿನಷ್ಟು ಕಾದು ಶಾಟ್ ಮುಗಿಸಿದ. ಚೊಕ್ಕವಾಗಿ ಬಂದಿತ್ತು. ಆಮೇಲೆ ಕುಂಟುತ್ತ ಅದೇ ದಾರಿಯಲ್ಲಿ ಹೋದ. ಸುನೀಲ್ ಅಂಚಿನಲ್ಲಿ ನಿಂತು ಕೆಳಗೆ ಇಣುಕುತ್ತಿದ್ದ.

“ಬಂತಾ?”

“ಬಂತು.”

ಅಷ್ಟೇ ಮಾತು. ಕೂಗು ಕೂಡ ಉದ್ದವಾಗಿರಲಿಲ್ಲ. ಮಂಜು ತುಂಬಿದ್ದರಿಂದ ಕೆಳಗೆ ಏನೂ ಕಾಣಲಿಲ್ಲ, ಅದೊಂದು ಪುಣ್ಯ ಎಂದುಕೊಂಡ. ಬಂಡೆಗೆ ಒರಗಿ ಕೂತ. ಇಡ್ಲಿ ತಿನ್ನಿಸಿದ ಕೈ ಯಾಕೋ ನೆನಪಾಯಿತು. ಅತ್ತ. ಅತ್ತು ಮುಗಿಸಿ ಎದ್ದ.

ಕ್ಯಾಮೆರಾ ಟ್ರೈಪಾಡಿನ ಮೇಲೆ ಇದ್ದಲ್ಲೇ ಇರಲಿ. ಸಿಕ್ಕವರಿಗೆ ಕತೆಯನ್ನು ಅದೇ ಹೇಳುತ್ತದೆ: ಒಂಟಿ ಮನುಷ್ಯ ಕ್ಯಾಮೆರಾ ನಿಲ್ಲಿಸಿದ, ಶಾಟಿಗೆಂದು ನಡೆದ, ಮಂಜಿನಲ್ಲಿ ದಾರಿ ತಪ್ಪಿ ಬಿದ್ದ. ಬೆರಳ ಗುರುತು ಉಳಿಯದಂತೆ ಒರೆಸಿದ. ಬ್ಯಾಟರಿ ಮುಗಿಯುತ್ತ ಬಂದಿತ್ತು. ಸತ್ತ ಕ್ಯಾಮೆರಾವನ್ನು ಸ್ಟೇಷನ್ನಿನಲ್ಲಿ ಯಾರೋ ಮೂಲೆಗೆ ಎಸೆದಾರು, ಆ ಶಾಟನ್ನು ನೋಡದೇ ಹೋದಾರು. ಅದನ್ನೂ ಯೋಚಿಸಿ, ಪೂರ್ತಿ ಚಾರ್ಜ್ ಇದ್ದ ಹೊಸ ಬ್ಯಾಟರಿ ಹಾಕಿ ಮತ್ತೊಮ್ಮೆ ಒರೆಸಿದ. ಹಳೆಯದನ್ನು ಜೇಬಿಗಿಳಿಸಿಕೊಂಡು ಹಳ್ಳದ ದಾರಿ ಹಿಡಿದ.

ಎಲ್ಲ ಅವನು ಅಂದುಕೊಂಡಂತೆಯೇ ಆಯಿತು. ಗಂಡ ಹೇಳಿದ ಹೊತ್ತಿಗೆ ಬರದಿದ್ದಾಗ ಸಂಯುಕ್ತಾ ಮೊದಲು ಫೋನ್ ಮಾಡಿದ್ದು ಕಾಶಿನಾಥನಿಗೇ. ಅವನೇ ಓಡಾಡಿದ, ಅವನೇ ಅರಣ್ಯದವರಿಗೆ ದಾರಿಯ ನಕ್ಷೆ ಕಳಿಸಿದ. ಪೊಲೀಸರು ಆ ಶಾಟ್ ನೋಡಿ ತಲೆಯಾಡಿಸಿ ಅಪಘಾತ ಎಂದು ಬರೆದರು. ಪೇಪರಿನಲ್ಲಿ ‘ವಿಡಿಯೋ ಹುಚ್ಚಿಗೆ ಬಲಿ’ ಎಂದು ಬಂತು. ಶವ ತರಲು ಹೋಗಿದ್ದ ಸುನೀಲನ ತಂದೆ ಮುನಿಯಣ್ಣ, ಕೊಡಿಗೇಹಳ್ಳಿಯ ಹಳೇ ಮನೆಯ ಜಗುಲಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು.

“ಆ ಪೊಲೀಸ್ ಸಾಹೇಬ್ರು ನನ್ ಮುಂದೇನೇ ಗುಂಡಿ ಒತ್ತಿದ್ರಪ್ಪ. ಕ್ಯಾಮ್ರಾ ಅಂಗೇ ಎದ್ಕಂತು. ಬ್ಯಾಟ್ರಿ ಫುಲ್ಲು, ಒಂದು ಗೆರೆನೂ ಇಳ್ದಿಲ್ಲ ಅಂದ್ರು. ಅದು ಎದ್ಕಂತು, ನನ್ ಮಗ ಏಳ್ಲಿಲ್ಲ.”

ಕಾಶಿನಾಥ ಮುದುಕನ ಕೈ ಹಿಡಿದುಕೊಂಡು ಕೂತ. ಬ್ಯಾಟರಿ ಬದಲಿಸಿದ್ದು ಒಳ್ಳೆಯದಾಯಿತು ಎಂದು ಮನಸ್ಸಿನಲ್ಲಿ ಬೆನ್ನು ತಟ್ಟಿಕೊಂಡ.

ತಿಂಗಳು ಕಳೆದ ಮೇಲೆ ಸಹಕಾರನಗರದ ಸಮುದಾಯ ಭವನದಲ್ಲಿ ಶ್ರದ್ಧಾಂಜಲಿ ಸಭೆ. ವಿಡಿಯೋ ಮಾಡಿಕೊಡಿ ಅಣ್ಣ ಎಂದು ಸಂಯುಕ್ತಾ ಕೇಳಿದ್ದಳು. ಕಾಶಿನಾಥ ಮನಸ್ಸಿಟ್ಟು ಮಾಡಿದ. ಕಡೆಯ ಶಾಟನ್ನು ಮಾತ್ರ ಮುಟ್ಟಲಿಲ್ಲ, ಹಾಡು ಕೂಡ ಸೇರಿಸಲಿಲ್ಲ. ‘ಸುನೀಲ್ ಬಿಟ್ಟುಹೋದದ್ದು ಹೇಗಿತ್ತೋ ಹಾಗೇ, ಒಂದು ಕ್ಷಣವನ್ನೂ ಕತ್ತರಿಸದೆ’ ಎಂದು ಪರದೆಯ ಮೇಲೆ ಬರೆಸಿದ. ಅದರ ಕೆಳಗೆ, ದೊಡ್ಡ ಅಕ್ಷರದಲ್ಲಿ: ಅರ್ಪಣೆ, ಕಾಶಿನಾಥ. ಎರಡನೇ ಸಾಲಿನಲ್ಲಿದ್ದ ರತ್ನವ್ವ ಮಗನ ಹೆಸರು ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಯುಕ್ತಾ ಅವನನ್ನು ವೇದಿಕೆಗೆ ಕರೆದು ಮೈಕು ಕೊಟ್ಟಳು. ಅವನು ನಾಲ್ಕು ಮಾತಾಡಿದ. ಅದರಲ್ಲಿ ನಾಟಕ ಇರಲಿಲ್ಲ.

ಅಷ್ಟರಲ್ಲಿ ಅಫ್ರೀನ್ ಎದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಕಾಶಿ ಅಣ್ಣ, ಆ ಕೊನೇ ಶಾಟ್ ಇನ್ನೊಂದ್ಸಲ ಹಾಕ್ತೀರಾ?”

ಅವನು ಸಂತೋಷದಿಂದಲೇ ಹಾಕಿದ. ಕಾಲುದಾರಿ, ಕೆಂಪು ಚೀಲ, ತಿರುವು, ಮಂಜು. ಒಂದು ಉಸಿರು. ಪರದೆ ಕಪ್ಪಾಯಿತು. “ಬೇಜಾರ್ ಮಾಡ್ಕೋಬೇಡಿ, ನಂಗೊಂದು ಅರ್ಥ ಆಗ್ತಿಲ್ಲ” ಎಂದಳು ಅಫ್ರೀನ್. “ಸುನೀಲಣ್ಣ ಹೇಳ್ಕೊಟ್ಟಂಗೇ ನಾನೂ ಒಬ್ಳೇ ಶೂಟ್ ಮಾಡೋದು. ನಡ್ಕೊಂಡು ಹೋಗ್ತೀನಿ, ವಾಪಸ್ ಬಂದು ಆಫ್ ಮಾಡ್ತೀನಿ. ನನ್ ಪ್ರತಿ ಶಾಟಲ್ಲೂ ನಾನು ವಾಪಸ್ ಬರೋದು ಇರುತ್ತೆ, ಆಮೇಲೆ ಕಟ್ ಮಾಡ್ತೀನಿ. ಇದ್ರಲ್ಲಿ ಏನೂ ಕಟ್ ಮಾಡಿಲ್ಲ ಅಂತೀರಾ. ಬ್ಯಾಟರಿನೂ ಫುಲ್ ಇತ್ತು ಅಂತ ಸುನೀಲಣ್ಣನ ಅಪ್ಪಾಜಿ ಹೇಳಿದ್ರು.” ಕಾಶಿನಾಥನ ಬಲಗೈ ಹೆಬ್ಬೆರಳು ಮೈಕಿನ ಮೇಲೆ, ಗುಂಡಿ ಒತ್ತುವ ಹಾಗೆ, ತಾನಾಗಿ ಮಡಿಚಿಕೊಂಡಿತು. ಮುನಿಯಣ್ಣ ಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತರು. “ಸುನೀಲಣ್ಣ ಆ ತಿರುವಿಂದ ವಾಪಸ್ ಬರ್ಲೇ ಇಲ್ವಲ್ಲ” ಎಂದಳು ಆ ಹುಡುಗಿ, “ಮತ್ತೆ ಕ್ಯಾಮೆರಾ ಆಫ್ ಮಾಡಿದ್ದು ಯಾರು?” ಸಭೆಯಲ್ಲಿದ್ದವರೆಲ್ಲ ಪರದೆ ಬಿಟ್ಟು ಕಾಶಿನಾಥನ ಕಡೆ ತಿರುಗಿ ನೋಡಿದರು.